ಖಾಲಿ ಸ್ಟೂಲು

ತಾರಸಿಯ ಮೇಲೆ ಜೇನುಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಸ್ಟೂಲು ಮಾತ್ರ ಇತ್ತು. ತಾಯಿ ಅದನ್ನು ನೋಡಿದಳು, ಮಗನನ್ನು ನೋಡಿದಳು. ಮಗ ತಂತಿಯ ಮೇಲಿನ ಬಟ್ಟೆಗಳನ್ನು ನೋಡತೊಡಗಿದ.

"ಎಲ್ಲೋ ಪೆಟ್ಟಿಗೆ?"

"ಅಕ್ಕನ ಮನೇಲಿದೆ. ಎರಡು ಬೀದಿ ಆಚೆ, ಅಷ್ಟೇ. ಇವತ್ತೊಂದಿನ ಸುಮ್ನಿರಮ್ಮ."

ಗಾಳಿಯಲ್ಲಿ ಏನೇನಿದೆ ಎಂದು ತಿಳಿಯಲು ಪ್ರಯೋಗಾಲಯದವರು ಕೆಲವು ತಾರಸಿಗಳ ಮೇಲೆ ಜೇನು ಇರಿಸಿದ್ದರು. ಹುಳುಗಳು ಮೈಗೆ ಅಂಟಿಸಿಕೊಂಡು ತಂದ ಧೂಳನ್ನು ಪರೀಕ್ಷಿಸುವುದು ಅವರ ಕ್ರಮ. ಕಳೆದ ಸಲ ಇಲ್ಲಿಯ ಹುಳುಗಳಲ್ಲಿ ಸೀಸ ಸಿಕ್ಕಿತ್ತು. ಇವತ್ತಿನ ಪರೀಕ್ಷೆಯಲ್ಲೂ ಸಿಕ್ಕರೆ ಎದುರಿನ ಬ್ಯಾಟರಿ ಕಾರ್ಖಾನೆಗೆ ಬೀಗ. ಮಗ ಅಲ್ಲಿ ಮೇಸ್ತ್ರಿ. ಮ್ಯಾನೇಜರು ಅವನನ್ನು ಒಳಗೆ ಕರೆಸಿ, ಕುರ್ಚಿ ತೋರಿಸಿ, ಟೀ ಕುಡಿಸಿದ್ದ. ಇಷ್ಟು ವರ್ಷಗಳಲ್ಲಿ ಅದೇ ಮೊದಲ ಟೀ.

"ಕೆಲಸ ಹೋದ್ರೆ ನಿನ್ನ ಹುಳ ಸಾಕ್ತಾವಾ ನಮ್ಮನ್ನ?"

"ನಿನ್ನ ಮಗಳು ಕೆಮ್ಮಿ ಕೆಮ್ಮಿ ಸಾಯ್ತಿದಾಳಲ್ಲ, ಅವಳಿಗೂ ಟೀ ಕುಡಿಸ್ತಾನಾ ನಿಮ್ಮ ಮ್ಯಾನೇಜರು?"

ಬಿಸಿಲೇರುತ್ತಿದ್ದಂತೆ ಒಂದು ಹುಳು ಬಂದು ಸ್ಟೂಲಿನ ಮೇಲೆ ಕೂತಿತು. ಹಿಂದೆಯೇ ನಾಲ್ಕು. ಆಮೇಲೆ ಸ್ಟೂಲೇ ಕಾಣದಷ್ಟು. ಪೆಟ್ಟಿಗೆಯನ್ನು ಹತ್ತಿರದಲ್ಲೇ ಸರಿಸಿದರೆ ಮೇಯಲು ಹೋದ ಹುಳುಗಳು ಹಳೆಯ ಜಾಗಕ್ಕೇ ತಿರುಗಿ ಬರುತ್ತವೆ. ಮಗ ಕೇಳಿದ್ದರೆ ತಾಯಿ ಹೇಳುತ್ತಿದ್ದಳು. ಆದರೆ ಕೇಳಿ ಮಾಡಿದ್ದರೆ ಅದು ಕಳ್ಳತನ ಹೇಗಾದೀತು?

"ಓಡ್ಸಮ್ಮ ಅವನ್ನ!"

"ನೀನೇ ಓಡ್ಸು. ಮುಖ ಮುಚ್ಕೊಂಡು ಹೋಗು, ಗುರುತು ಹಿಡಿದಾವು."

ಅಷ್ಟರಲ್ಲಿ ಪ್ರಯೋಗಾಲಯದ ಹುಡುಗಿ ಬಾಟಲಿ ಹಿಡಿದು, ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದಳು.

"ಪೆಟ್ಟಿಗೆ ಎಲ್ಲಮ್ಮಾ?"

"ನನ್ನ ಮಗಳ ಮನೆಗೆ ಹೋಗಿದೆ. ಸಂಸಾರ ಇಲ್ಲೇ ಇದೆ, ಎಷ್ಟು ಬೇಕೋ ತಗೋ."

ಹುಡುಗಿ ಮಗನ ಅಂಗಿಯ ಮೇಲಿನ ಕಾರ್ಖಾನೆಯ ಗುರುತು ನೋಡಿ ಅನುಮಾನಿಸಿದಳು. "ಇವರಿಗೇನೂ ತೊಂದ್ರೆ ಆಗಲ್ವಾ?"

"ಆಗುತ್ತೆ. ಬಾಟಲಿ ಹಿಡಿ."

ಹುಡುಗಿ ಮುಚ್ಚಳ ತೆಗೆಯುವಾಗ ಅದು ಕೈಜಾರಿ ಉರುಳಿ, ಮಗನ ಕಾಲ ಬಳಿ ಹೋಗಿ ಬಿತ್ತು. ತಾಯಿ ಬ್ರಷ್ಷಿನಿಂದ ಹುಳುಗಳನ್ನು ಮೆಲ್ಲಗೆ ಸವರಿ ಬಾಟಲಿಯೊಳಗೆ ಇಳಿಸಿದಳು. ಆಮೇಲೆ ತಿರುಗಿ ನೋಡದೆ, ಎಡಗೈಯನ್ನು ಹಿಂದಕ್ಕೆ ಚಾಚಿದಳು.

"ಮುಚ್ಚಳ."

ಕಾರ್ಖಾನೆಯ ಸೈರನ್ ಕೂಗಿತು. ಅದು ನಿಂತಾಗ ಕೆಳಗಿನ ಕೋಣೆಯ ಕೆಮ್ಮು ಕೇಳಿಸಿತು. ಚಾಚಿದ ಕೈ ಹಾಗೇ ಇತ್ತು.

ಮಗ ಬಗ್ಗಿ ಮುಚ್ಚಳ ಎತ್ತಿಕೊಂಡ. ತಾರಸಿಯ ಧೂಳು ಅದಕ್ಕೆ ಮೆತ್ತಿತ್ತು. ಅಂಗಿಯ ತುದಿಯಿಂದ ಒರೆಸಿದ. ಅಂಗಿಯ ಮೇಲೆ ಬೂದು ಬಣ್ಣದ ಗೀರೊಂದು ಉಳಿಯಿತು.