ಐದು ವರ್ಷ ಮುಂದಿನ ಲೋಕಯ್ಯ

ಕಾರು ಫ್ರೀವೇ ಹತ್ತುತ್ತಿದ್ದಂತೆ ಲೋಕಯ್ಯ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಅದೇ ಮಾತನ್ನು ಮತ್ತೊಮ್ಮೆ ಕೇಳಿದ. "ವೆಂಕಟಾಚಲ ಇನ್ನು ಬೇಡ." ದನಿ ಅವನದೇ. ಆದರೆ ಹಾಗೆಂದು ರೆಕಾರ್ಡ್ ಮಾಡಿದ ನೆನಪು ಅವನಿಗಿರಲಿಲ್ಲ.

ಲಾಂಗ್ ಬೀಚ್ ಬಂದರಿನ ಬಳಿ ಅವನ ಗೋದಾಮಿತ್ತು. ವೆಂಕಟಾಚಲನೂ ಸೇರಿ ಇಪ್ಪತ್ತೆರಡು ಜನ ಕೆಲಸಕ್ಕಿದ್ದರು. ತೊಂಬತ್ತೈದರ ಜನವರಿಯಲ್ಲಿ ಅವನು ಸ್ಯಾನ್ ಡಿಯೇಗೋದ ಕಡಲ ದಡದ ಹೋಟೆಲೊಂದರಲ್ಲಿ ಉದ್ಯಮಿಗಳಿಗಾಗಿ ನಡೆದ ನಾಯಕತ್ವ ಶಿಬಿರಕ್ಕೆ ಹೋಗಿದ್ದ. ಐದು ವರ್ಷದ ನಂತರ ನೀವು ಏನಾಗಿರಬೇಕೋ ಆ ಮನುಷ್ಯನಾಗಿ ಮಾತಾಡಿ, ರೆಕಾರ್ಡ್ ಮಾಡಿಕೊಳ್ಳಿ, ದಿನಾ ಬೆಳಿಗ್ಗೆ ಕೇಳಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಲೋಕಯ್ಯ ರೂಮಿನ ಬಾಗಿಲು ಹಾಕಿಕೊಂಡು, ಮೊದಮೊದಲು ನಾಚುತ್ತ, ಇಪ್ಪತ್ತು ನಿಮಿಷ ಮಾತಾಡಿದ್ದ. ನಾನು ಬೇಗ ನಿರ್ಧರಿಸುತ್ತೇನೆ. ನಾನು ಯಾರಿಗೂ ಕಾಯುವುದಿಲ್ಲ. ಇಂಥವೇ. ಆರು ತಿಂಗಳಲ್ಲಿ ಗುಣವೂ ಕಂಡಿತ್ತು. ಮೀಟಿಂಗುಗಳು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದವು.

ಸಂಜೆ ಆರ್ಟೀಸಿಯಾದ ಮನೆಯೆದುರು ಹೆಂಡತಿ ಉಮಾವತಿಯನ್ನು ಕಾರಿನಲ್ಲಿ ಕೂರಿಸಿ ಕ್ಯಾಸೆಟ್ ಹಾಕಿದ.

"ಇದು ಯಾರು ಮಾತಾಡುವುದು?" ಎಂದಳು.

"ನಾನೇ ಅಲ್ವಾ, ಮಾರಾಯ್ತಿ."

"ಅಲ್ಲ. ನೀವು ಯಾವಾಗಲೂ 'ನಮ್ಮ ವೆಂಕಟ' ಅನ್ನುವುದು." ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. "ಇಷ್ಟು ಹೊತ್ತಾಯ್ತು, ಒಂದು ಸಲವೂ ಉಸಿರು ತೆಗೆದದ್ದು ಕೇಳಲಿಲ್ಲ ನೋಡಿ. ಬಂದ್ ಮಾಡಿ ಅದನ್ನು."

ಮರುದಿನ ಬೆಳಿಗ್ಗೆ ಪೆಟ್ರೋಲ್ ಹಾಕಿಸಿದಲ್ಲಿ ಕ್ಯಾಸೆಟ್ಟಿನ ಟೇಪನ್ನೆಲ್ಲ ಎಳೆದು ಕಸದ ಡಬ್ಬಕ್ಕೆ ಹಾಕಿದ. ಮನಸ್ಸು ಹಗುರವಾಯಿತು.

ವೆಂಕಟಾಚಲ ಮೈಸೂರಿನವನು, ಲೋಕಯ್ಯ ಕೆಲಸಕ್ಕಿಟ್ಟುಕೊಂಡ ಮೊದಲ ಮನುಷ್ಯ. ನಿಧಾನಸ್ಥ, ಒಂದೊಂದು ಕಾಗದವನ್ನೂ ಎರಡು ಸಲ ನೋಡುವವನು. ಲೋಕಯ್ಯನಿಗೆ ಆಪರೇಷನ್ ಆದಾಗ ಎರಡು ತಿಂಗಳು ಗೋದಾಮು ನಡೆಸಿದವನೂ ಅವನೇ. ಅಂದು ತಡವಾದ ಕಂಟೇನರಿನ ವಿಷಯ ಹೇಳಲು ಅವನು ಲೋಕಯ್ಯನ ರೂಮಿನೊಳಗೆ ಬಂದ. ಕೂತ್ಕೊ ವೆಂಕಟ ಎನ್ನಲು ಲೋಕಯ್ಯ ಬಾಯಿ ತೆರೆದ.

"ವೆಂಕಟಾಚಲ, ಇನ್ನು ನೀವು ಬೇಡ."

ವೆಂಕಟಾಚಲ ಲೋಕಯ್ಯನ ಮುಖ ನೋಡಲಿಲ್ಲ. ಅವನ ಭುಜದ ಮೇಲಿಂದ ಹಿಂದಿನ ಗೋಡೆಯತ್ತ ನೋಡಿದ.

"ಯಾರು ಸಾರ್ ಹಾಗಂದಿದ್ದು?"

"ನಾನೇ."

ಅಲ್ಲವೆನ್ನಬೇಕೆಂದಿದ್ದ ಲೋಕಯ್ಯ. ನಾಲಿಗೆ ಕೇಳಲಿಲ್ಲ. ವೆಂಕಟಾಚಲ ಬೀಗದ ಕೈಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲಿಟ್ಟ. ಬಾಗಿಲ ಬಳಿ ನಿಂತು, "ಹುಷಾರು ಸಾರ್. ಈ ರೂಮಲ್ಲಿ ಒಬ್ರೇ ಕೂತ್ಕೋಬೇಡಿ" ಅಂದ.

ಆ ಸಂಜೆ, ಮತ್ತೆ ಆ ವಾರವಿಡೀ, ಲೋಕಯ್ಯ ಅವನ ಮನೆಗೆ ಫೋನ್ ಮಾಡಲು ನಂಬರ್ ಒತ್ತುತ್ತಿದ್ದ. ಆ ಕಡೆ ಹಲೋ ಎಂದೊಡನೆ ಇಟ್ಟುಬಿಡುತ್ತಿದ್ದ. ತನ್ನ ಬಾಯಿಂದ ಏನು ಬಂದೀತೋ ಎಂದು ಅವನಿಗೆ ಹೆದರಿಕೆ.

ಗೋದಾಮು ಮಾತ್ರ ಬೆಳೆಯಿತು. ಪೊಮೊನಾದಲ್ಲಿ ಇನ್ನೊಂದು ತೆರೆದ. ಮುಂದಿನ ಜನವರಿಯಲ್ಲಿ ಶಿಬಿರದವರು ಅದೇ ಹೋಟೆಲಿಗೆ ಅವನನ್ನು ಮಾತಾಡಲು ಕರೆದರು. ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾನು ಏನು ಹೇಳಿದೆನೆಂಬುದು ವೇದಿಕೆ ಇಳಿಯುವಾಗ ಅವನಿಗೆ ನೆನಪಿರಲಿಲ್ಲ.

ಊಟದ ವಿರಾಮದಲ್ಲಿ ಹೋಟೆಲಿನ ಕೆಳಗಿಂದ ಮನೆಗೆ ಫೋನ್ ಮಾಡಿದ. ಎತ್ತಿದ್ದು ಮಗಳು ಅಶ್ವಿತಾ.

"ಮಗಾ, ನಾನು."

"ಡ್ಯಾಡ್ ಮನೆಯಲ್ಲಿಲ್ಲ," ಎಂದಳು. ಅವನ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಹುಡುಗಿ, ಹೊರಗಿನ ಹಿರಿಯರೊಡನೆ ಆಡುವಂತೆ, ತಡೆತಡೆದು ಕನ್ನಡ ಆಡುತ್ತಿದ್ದಳು. "ಸ್ಯಾನ್ ಡಿಯೇಗೋಗೆ ಹೋಗಿದ್ದಾರೆ. ಏನಾದ್ರೂ ಹೇಳಬೇಕಾ?"

"ಅಶ್ವಿತಾ, ನಾನೇ. ಅಪ್ಪ."

ಆ ಕಡೆ ಡ್ರಾಯರ್ ಎಳೆದ ಸದ್ದು, ಕಾಗದ ಹರಿದ ಸದ್ದು.

"ಅಂಕಲ್," ಎಂದಳು ಮೆಲ್ಲಗೆ, "ನಿಮ್ಮ ಹೆಸರು ಹೇಳ್ತೀರಾ? ಬರೆದಿಡ್ತೇನೆ."

ಗಾಜಿನಾಚೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ದಡಕ್ಕೆ ಕಟ್ಟಿದ ದೋಣಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ, ಅಲುಗದೆ ನಿಂತಿದ್ದವು.