ದೊರೆ ಒಲ್ಲೆ ಎಂದ ಬನ್

ನಮ್ಮ ಬೇಕರಿಯಲ್ಲಿ ಓವನ್ನಿನಿಂದ ಇಳಿದ ಯಾವ ಟ್ರೇಯೂ ದೊರೆ ಮೂಸದೆ ಅಂಗಡಿಯ ಕಡೆ ಹೋಗುವುದಿಲ್ಲ. ದೊರೆ ಅಂದರೆ ನಮ್ಮ ನಾಯಿ. ಪ್ರತಿ ಟ್ರೇಯಿಂದ ಅವನಿಗೊಂದು ಚೂರು. ತಿಂದರೆ ಮಾಲು ಸರಿ. ಮುಖ ತಿರುಗಿಸಿದರೆ ಹಿಟ್ಟು ಹುಳಿ ಬಂದಿದೆ, ಇಲ್ಲವೇ ಯಾರೋ ಏನೋ ಮರೆತಿದ್ದಾರೆ. ನಗುವವರು ನಗಲಿ. ನಮ್ಮ ಬನ್ನನ್ನು ಇವತ್ತಿನವರೆಗೆ ಯಾರೂ ವಾಪಸ್ ತಂದಿಲ್ಲ.

ಈಗ ದೊರೆಗೆ ವಯಸ್ಸಾಗಿದೆ. ಹೊಟ್ಟೆಯಲ್ಲೊಂದು ಗಡ್ಡೆ. ಪ್ರಾಣಿಗಳ ಡಾಕ್ಟರಮ್ಮ ಒತ್ತಿ ನೋಡಿ, ಸ್ಕ್ಯಾನ್ ಮಾಡಿ, ನೇರವಾಗಿ ಹೇಳಿದರು: "ಕೊಯ್ದು ತೆಗೀಬಹುದು. ಆದ್ರೆ ಹಾರ್ಟ್ ವೀಕಾಗಿದೆ, ಮೇಜಿಂದ ಎದ್ದು ಬರ್ತಾನೆ ಅಂತ ಮಾತು ಕೊಡೋಕಾಗಲ್ಲ. ಬೇಡ ಅಂದ್ರೆ ನೋವಿಗೆ ಔಷಧಿ ಕೊಡ್ತೀನಿ, ಇರೋಷ್ಟು ದಿನ ಆರಾಮಾಗಿ ಇರ್ತಾನೆ. ಎಷ್ಟು ದಿನ ಅಂತ ಮಾತ್ರ ಕೇಳ್ಬೇಡಿ."

"ಕೊಯ್ರಿ," ಅಂದೆ. ಕೈಕಟ್ಟಿ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ.

"ಅವನನ್ನ ಕೇಳಿದ್ರಾ?" ಅಂದಳು ಹೆಂಡತಿ.

"ನಾಯಿನ ಏನೇ ಕೇಳೋದು?"

"ಬನ್ ಹೆಂಗಿದೆ ಅಂತ ದಿನಾ ಕೇಳ್ತೀರಲ್ಲ!"

ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಅವನ ಹೊಟ್ಟೆಗೆ ಏನೂ ಹಾಕಬಾರದಿತ್ತು. ಎಲ್ಲರಿಗೂ ಗದರಿಸಿ ಹೇಳಿದ್ದೆ. ಬೆಳಿಗ್ಗೆ ಹೆಂಡತಿ, ಅವಳ ತಮ್ಮ ಇಬ್ಬರೂ ಓವನ್ನಿನ ಮುಂದಿದ್ದರು. ನಾನು ವ್ಯಾನಿನಲ್ಲಿ ಕಂಬಳಿ ಹಾಸಿದೆ. ಆಮೇಲೆ ಅಂಗಡಿಯನ್ನು ಭಾವಮೈದುನನಿಗೆ ಒಪ್ಪಿಸಿ ನಾವು ಮೂವರೂ ಆಸ್ಪತ್ರೆಗೆ ಹೊರಟೆವು.

"ಏನಾದ್ರೂ ತಿಂದಿದಾನಾ?" ಡಾಕ್ಟರಮ್ಮ ಕೇಳಿದರು.

"ಒಂದು ಚೂರೂ ಇಲ್ಲ," ಎಂದೆ ಎದೆಯುಬ್ಬಿಸಿ.

ಅವರು ದೊರೆಯ ಬಾಯಿ ಬಿಡಿಸಿ, ದವಡೆಯ ಸಂದಿಯಿಂದ ಒದ್ದೆ ಬನ್ನಿನ ಉಂಡೆಯೊಂದನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದರು.

ಸಿಟ್ಟು ನೆತ್ತಿಗೇರಿತು. "ಯಾರೇ ಕೊಟ್ಟಿದ್ದು?"

"ನಾನೇ. ಮೊದಲ್ನೇ ಟ್ರೇದು. ಅವನು ನೋಡ್ದೆ ಹೆಂಗೆ ಕಳಿಸ್ಲಿ?"

ಭಾವಮೈದುನನಿಗೆ ಫೋನ್ ಮಾಡಿದೆ. "ಬೈಬೇಡಿ ಭಾವ. ಎರಡ್ನೇ ಟ್ರೇದು ನಾನು ಕೊಟ್ಟೆ, ತಿಂದ. ಆಮೇಲಿಂದು ಕೊಟ್ರೆ ಮುಖ ತಿರುಗಿಸ್ಬಿಟ್ಟ. ಪಾಪ, ಹುಷಾರಿಲ್ವಲ್ಲ ಅಂತ ಸುಮ್ನಾದೆ."

"ಆ ಟ್ರೇದು ಒಂದು ನೀನು ತಿನ್ನು."

ಅತ್ತಲಿಂದ ಅಗಿಯುವ ಸದ್ದು ಬಂತು. ಆಮೇಲೆ ಅದೂ ನಿಂತಿತು. "ಭಾವ... ಉಪ್ಪು..."

"ಹಾಕಿಲ್ಲ!"

"ಹೂಂ. ಹಾಕಿಲ್ಲ."

"ಕತ್ತೆ! ಒಂದೂ ಮಾರಬೇಡ!" ನಾನು ಕೂಗಿದ ಏಟಿಗೆ ಪಕ್ಕದ ಬೆಂಚಿನ ಬೆಕ್ಕು ಬುಟ್ಟಿಯೊಳಗೆ ಅಡಗಿತು. ಆದರೆ ಕೂಗಿದ ಬಾಯಲ್ಲೇ ನಗು ಬಂತು. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು, ಕೊಯ್ಯಿಸಿಕೊಳ್ಳಲು ಹೊರಟ ಬೆಳಿಗ್ಗೆಯೂ ಈ ಮುದುಕ ನಮ್ಮ ತಪ್ಪು ಹಿಡಿದಿದ್ದ!

"ಇವತ್ತಂತೂ ಆಗಲ್ಲ, ನಾಳೆ ಖಾಲಿ ಹೊಟ್ಟೇಲಿ ತನ್ನಿ," ಎನ್ನುತ್ತ ಡಾಕ್ಟರಮ್ಮನೂ ನಗುತ್ತಿದ್ದರು. ಅಷ್ಟರಲ್ಲಿ ದೊರೆ ನನ್ನ ಅಂಗಿಯ ಜೇಬಿಗೆ ಮೂತಿ ತೂರಿಸಿ ಬಾಲ ಬಡಿಯತೊಡಗಿದ. ಹೆಂಡತಿ ಜೇಬಿಗೆ ಕೈಹಾಕಿ ಅರ್ಧ ರಸ್ಕ್ ತೆಗೆದಳು.

"ಇನ್ನರ್ಧ ಎಲ್ಲಿ ಯಜಮಾನ್ರೇ?"

"ವ್ಯಾನ್ ಹತ್ತಿಸುವಾಗ ನನ್ನೇ ನೋಡ್ತಿದ್ದ ಕಣೆ."

ಇನ್ನು ಯಾರ ಮೇಲೆ ರೇಗಲಿ? ಡಾಕ್ಟರಮ್ಮನ ಕಡೆ ತಿರುಗಿದೆ. "ಕೊಯ್ದರೆ ಓವನ್ ಹತ್ರ ಯಾವಾಗ ಬರ್ತಾನೆ?"

"ಬದುಕಿ ಬಂದ್ರೂ ವಾರಗಟ್ಟಲೆ ಆಗುತ್ತೆ."

"ಕೊಯ್ಯದಿದ್ರೆ?"

"ಇವತ್ತೇ."

"ಹಂಗಾದ್ರೆ ನಾಳೆ ಬರಲ್ಲ. ನೋವಿನ ಔಷಧಿ ಕೊಡಿ." ಅವನು ಹೋಗುವವನೇ. ಹೋಗುವವರೆಗೆ ಅವನ ಕೆಲಸ ಅವನು ಮಾಡಲಿ.

ಬೇಕರಿಯ ಹಿಂಬಾಗಿಲಲ್ಲಿ ಅವನನ್ನು ಎತ್ತಿ, ಟ್ರೇ ಸಾಗಿಸುವ ಗಾಡಿಯ ಮೇಲೆ ಗೋಣಿಚೀಲ ಹಾಸಿ ಕೂರಿಸಿದೆ. ಒಳಗೆ ಭಾವಮೈದುನ ಹೊಸ ಹಿಟ್ಟು ನಾದುತ್ತಿದ್ದ, ತಲೆ ಎತ್ತಲಿಲ್ಲ. ದೊರೆ ಮೆರವಣಿಗೆ ಹೊರಟವನಂತೆ ಕಿವಿ ನಿಮಿರಿಸಿ ಕೂತ.

"ನನ್ನನ್ನ ಒಂದಿನಾನೂ ಹಿಂಗೆ ಕೂರಿಸ್ಕೊಂಡು ಹೋಗಿಲ್ಲ," ಅಂದಳು ಹೆಂಡತಿ.

"ಹತ್ತು, ತಳ್ತೀನಿ."

ಮಾತಿಗೆ ಅಂದದ್ದು. ಹತ್ತಿಯೇಬಿಟ್ಟಳು. ದೊರೆ ಸರಿದು ಜಾಗ ಕೊಟ್ಟ.