ಕಾರ್ಕಳಕ್ಕಿಂತ ಒಂದಕ್ಷರ ಕಡಿಮೆ

"ಕಾರ್ಕಳಕ್ಕೆ ಹೋಗ್ಲಿಕ್ಕೆ ಇಷ್ಟು ಯೋಚನೆ ಎಂತಕ್ಕೆ ಮಾರಾಯ್ತಿ? ನಾನಾಗಿದ್ರೆ ನಿನ್ನೆಯೇ ಗಂಟು ಕಟ್ತಿದ್ದೆ" ಎಂದಳು ಸುಗುಣಾ. ಡೊಂಬಿವಲಿಯಿಂದ ಹೊರಟ ಫಾಸ್ಟ್ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಅವಳ ಒಂದು ಕೈ ಮೇಲಿನ ಹಿಡಿಕೆಯಲ್ಲಿತ್ತು, ಇನ್ನೊಂದು ಹರಿಣಾಕ್ಷಿಯ ಭುಜದ ಮೇಲಿತ್ತು.

ಹರಿಣಾಕ್ಷಿ ಕಣ್ಣು ಬಿಟ್ಟು ನೋಡಿದಳು. "ಕಾರ್ಕಳ ಎಲ್ಲಿಂದ ಬಂತು ಸುಗುಣಕ್ಕ?"

"ನಿನ್ನೆ ನೀನೇ ಹೇಳಿದ್ದಲ್ವಾ! ಒಂದು ಕೆಲಸ ದುಬೈಯಲ್ಲಿ, ಇನ್ನೊಂದು ಕಾರ್ಕಳದಲ್ಲಿ, ಯಾವುದು ಹಿಡಿಯುದು ಗೊತ್ತಾಗುದಿಲ್ಲ ಅಂತ. ಮನೆಯಲ್ಲಿ ಇವರಿಗೆ ಹೇಳಿದೆ. ಅವರೂ ಖುಷಿಪಟ್ರು. ನನ್ನ ತವರಿಂದ ಅಲ್ಲಿಗೆ ಬಸ್ಸಲ್ಲಿ ಎಷ್ಟು ಹೊತ್ತು? ಕಣ್ಣು ಮುಚ್ಚಿ ಬಿಡುವುದರೊಳಗೆ. ಅತ್ತಿಗೆಯ ಹತ್ರ ಹೇಳಿ ಬಾಡಿಗೆ ಮನೆ ನೋಡಿಸ್ಲಾ?"

ನಿನ್ನೆಯ ಗದ್ದಲ ಹರಿಣಾಕ್ಷಿಗೆ ನೆನಪಾಯಿತು. ಮುಂಬ್ರಾ ದಾಟುವಾಗ ಯಾರದೋ ಮೊಬೈಲಿನಲ್ಲಿ ಭಜನೆ, ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದವರ ಜಗಳ. ಅದರ ನಡುವೆ ತಾನು "ಇನ್ನೊಂದು ಕಾರ್ಕಲ್ಲಿ" ಅಂದಿದ್ದಳು. ಸುಗುಣಕ್ಕನ ಕಿವಿಗೆ ಅದು ನೇರ ಊರಿನ ಬಸ್‌ಸ್ಟ್ಯಾಂಡಿಗೇ ಹೋಗಿ ಮುಟ್ಟಿತ್ತು.

"ಅಯ್ಯೋ, ಅದು ಕಾರ್ಕಳ ಅಲ್ಲ ಸುಗುಣಕ್ಕ, ಕಾರ್ಕ್! ಐರ್ಲೆಂಡಿನಲ್ಲಿ..."

"ಎಂತ ಎಲ್ಲಿ?"

ಅಷ್ಟರಲ್ಲಿ ಥಾಣೆ ಬಂತು. ಬಾಗಿಲ ಬಳಿಯ ಗುಂಪು ಹರಿಣಾಕ್ಷಿಯನ್ನು ಎತ್ತಿಕೊಂಡೇ ಪ್ಲಾಟ್‌ಫಾರ್ಮಿಗೆ ಇಳಿಸಿತು. ಘಾಟ್ಕೋಪರಿನವರೆಗೆ ಹೋಗುವ ಸುಗುಣಾ ಒಳಗಿಂದಲೇ ಕೈ ಬೀಸಿ, "ಮನೆ ಚಿಂತೆ ಬಿಡು, ನಾನುಂಟು!" ಎಂದು ಕೂಗಿದಳು. ಗಾಡಿ ಹೊರಟಿತು.

ನಗು ಬಂತು. ಆದರೆ ರಿಕ್ಷಾ ಸಾಲಿನಲ್ಲಿ ನಿಂತ ಮೇಲೆ ಅದು ಉಳಿಯಲಿಲ್ಲ.

ನಲವತ್ತೊಂದರ ಹರಿಣಾಕ್ಷಿ ಮಾಜಿವಾಡಾದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸ್. ಜೊತೆಗಿದ್ದ ಮಲಯಾಳಿ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಹೊರದೇಶಕ್ಕೆ ಹಾರಿದ ಮೇಲೆ, ಇವಳೂ ಹೋದ ವರ್ಷ ಹಟಕ್ಕೆ ಬಿದ್ದು ಇಂಗ್ಲಿಷ್ ಪರೀಕ್ಷೆ ಕಟ್ಟಿ ಪಾಸಾಗಿದ್ದಳು. ಈಗ ಎರಡು ಕಡೆಯಿಂದ ಕರೆ ಬಂದಿತ್ತು. ದುಬೈ ಎಂದರೆ ಅರ್ಧ ಉಡುಪಿ. ಅಲ್ಲಿ ತಮ್ಮ ಪೃಥ್ವಿರಾಜ್ ಇದ್ದಾನೆ, ತುಳು ಮಾತಾಡುವವರು ಲಿಫ್ಟಿನಲ್ಲೇ ಸಿಗುತ್ತಾರೆ, ಮನಸ್ಸು ಬಂದರೆ ರಜೆ ಹಾಕಿ ಹಬ್ಬಕ್ಕೆ ಬಂದು ಹೋಗಬಹುದು. ಆದರೆ ಹೋಗುವುದು ಒಬ್ಬಳೇ. ಆಸ್ಪತ್ರೆ ಕೊಡುವುದು ಇನ್ನಿಬ್ಬರು ನರ್ಸುಗಳ ಜೊತೆ ಒಂದು ಕೋಣೆ. ಕಾರ್ಕ್ ಎಂದರೆ ನದಿಯ ಎರಡು ಕವಲುಗಳ ನಡುವಿನ ಹಳೆಯ, ಸಣ್ಣ, ಒದ್ದೆ ಊರು. ಸಂಜೆಯಾದರೆ ಅಂಗಡಿ ಮುಚ್ಚುತ್ತಾರೆ, ಪರಿಚಯದ ಒಂದು ನಾಯಿಯೂ ಇಲ್ಲ. ಆದರೆ ಅಲ್ಲಿಗೆ ಗಂಡ, ಮಗಳು ಇಬ್ಬರೂ ಹೋಗಿ ಸೇರಬಹುದು.

ಅಂದರೆ ಪ್ರಶ್ನೆ ಊರಿನದಲ್ಲ. ಗಂಡ ವಸಂತಕುಮಾರ ತನ್ನ ಹೋಟೆಲು ಬಿಟ್ಟು ಬರುತ್ತಾನೋ ಇಲ್ಲವೋ, ಪ್ರಶ್ನೆ ಅಷ್ಟೇ.

ವಾಗ್ಳೆ ಎಸ್ಟೇಟಿನಲ್ಲಿ ಫ್ಯಾಕ್ಟರಿಗಳ ನಡುವೆ ಆರು ಟೇಬಲ್ಲಿನ ಹೋಟೆಲು ಅದು. ಪಾತ್ರೆ ತಿಕ್ಕುವುದರಿಂದ ಹಿಡಿದು ಗಲ್ಲಾದಲ್ಲಿ ಕೂರುವವರೆಗೆ ವಸಂತಕುಮಾರನ ಹರೆಯವೆಲ್ಲ ಅಲ್ಲೇ ಕಳೆದಿತ್ತು. ಅದನ್ನು ಬಿಡಿ ಎಂದು ಯಾವ ಬಾಯಿಂದ ಹೇಳುವುದು? ಹಾಗಾಗಿ ಊಟಕ್ಕೆ ಕೂತಾಗಲೆಲ್ಲ ಅವಳು ಕೇಳುತ್ತಿದ್ದುದು "ದುಬೈಯೋ ಕಾರ್ಕೋ, ಯಾವುದು ಒಳ್ಳೆದು?" ಎಂದು. ಅವನು ಮಜ್ಜಿಗೆ ಕಲಸುತ್ತ, "ನಿನಗೆ ಸರಿ ಕಂಡದ್ದು ಮಾಡು" ಅನ್ನುತ್ತಿದ್ದ. ಹದಿಮೂರರ ಮಗಳು ಅನುಷ್ಕಾ ಮೊಬೈಲಿನಿಂದ ತಲೆ ಎತ್ತದೆ, "ದುಬೈ ಮೇ ಮಾಲ್ ಹೈ, ಕಾರ್ಕ್ ಮೇ ಗಾಯ್ ಹೈ. ಮೇರೇ ಕೋ ದೋನೋ ಚಲೇಗಾ" ಅನ್ನುತ್ತಿದ್ದಳು. ಮಾಲೂ ಆದೀತು, ದನವೂ ಆದೀತು! ಆ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಆಗುತ್ತಿತ್ತು, ಅದೇ ಕಷ್ಟ.

ಕೊನೆಗೆ ಈ ದಿನ ಬೆಳಿಗ್ಗೆ ಡಬ್ಬಿಗೆ ಚಪಾತಿ ತುಂಬುವಾಗ ಅವಳು ಮನಸ್ಸಿನಲ್ಲೇ ದುಬೈ ಎಂದು ಮುಗಿಸಿಬಿಟ್ಟಿದ್ದಳು. ಯಾರಿಗೂ ತೊಂದರೆಯಿಲ್ಲ.

ಆಸ್ಪತ್ರೆಯಲ್ಲಿ ಮೊದಲ ಪಾಳಿಯ ಪೇಷಂಟುಗಳನ್ನು ಮೆಷಿನ್ನಿಗೆ ಹಾಕಿ ಕೂತಾಗ, ಕಲಬುರಗಿ ಕಡೆಯ ಆಯಾ ಮಲ್ಲಿಕಾ ಬೆಡ್‌ಶೀಟುಗಳ ಗುಡ್ಡೆಯ ಹಿಂದಿನಿಂದ ಮಾತು ತೆಗೆದಳು.

"ಸಿಸ್ಟರ್, ಹೊಂಟಿದ್ದು ಖರೇ ಏನ್ರೀ?"

"ದುಬೈಗೆ ಅಂತ ಕಾಣ್ತದೆ ಮಲ್ಲಿಕಾ."

"ಕಾಣ್ತದ ಅಂದ್ರ? ಯಜಮಾನ್ರು ಏನಂತಾರ?"

"ನಿನಗೆ ಸರಿ ಕಂಡದ್ದು ಮಾಡು ಅಂತಾರೆ."

"ಅಯ್ಯ ನಮ್ಮವ್ವ! ನನ್ ಗಂಡ ಹಂಗಂದ್ರ ನಾ ಅವ್ನ ಮೊದ್ಲ ದವಾಖಾನಿಗಿ ಕರ್ಕೊಂಡ್ ಬರ್ತೀನಿ, ಏನೋ ಜಡ್ಡಾಗ್ಯಾದ ಅಂತ."

ಹರಿಣಾಕ್ಷಿ ನಗುತ್ತಿರುವಾಗಲೇ ಫೋನ್ ಬಂತು. ನರ್ಸುಗಳನ್ನು ಹೊರದೇಶಕ್ಕೆ ಕಳಿಸುವ ವಾಶಿಯ ಏಜೆನ್ಸಿಯ ಅನಘ. "ಮ್ಯಾಡಮ್, ಇವತ್ತು ಸಂಜೆಯೊಳಗೆ ಹೇಳಬೇಕು. ನೀವು ಬೇಡ ಅಂದ ಜಾಗ ಇನ್ನೊಬ್ಬರಿಗೆ ಕೊಡ್ತಾರೆ. ಬೋಲಾ, ಕಾಯ್ ಲಿಹೂ? ಏನಂತ ಬರೀಲಿ?"

ದುಬೈ ಎಂಬ ಮಾತು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮೂಲೆಯ ಮೆಷಿನ್ ಅಲಾರಂ ಹೊಡೆದುಕೊಂಡಿತು. "ಸಂಜೆ ಹೇಳ್ತೇನೆ" ಎಂದು ಅವಳು ಆ ಕಡೆ ಓಡಿದಳು. ಪೇಷಂಟ್ ಮಗ್ಗುಲು ಬದಲಿಸಿದ್ದರಿಂದ ನಳಿಗೆ ಮಡಚಿಕೊಂಡಿತ್ತು, ಅಷ್ಟೇ.

ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವಾಗ ಮತ್ತೆ ಫೋನ್. ಈ ಸಲ ಡೊಂಬಿವಲಿಯ ಭಜನಾ ಮಂಡಳಿಯ ಪುಂಡರೀಕಾಕ್ಷ ರಾವ್. ಸುಗುಣಕ್ಕನ ಗಂಡನೂ ಅದೇ ಮಂಡಳಿಯವರು.

"ಶುಭ ಸಮಾಚಾರ ಕೇಳಿದೆ ಅಮ್ಮಾ! ಕಾರ್ಕಳದಲ್ಲಿ ಯಾವ ಆಸ್ಪತ್ರೆ?"

"ರಾಯರೇ, ಅದು..."

"ಇರಲಿ, ಇರಲಿ, ಊರು ಸೇರುವುದು ಪುಣ್ಯ. ಆದರೆ ನನ್ನದೊಂದು ತಕರಾರು ಉಂಟು. ನೀವು ಹೋಗಿ. ವಸಂತನನ್ನು ಯಾಕೆ ಎಳ್ಕೊಂಡು ಹೋಗ್ತೀರಿ? ಅವನು ಹೋದರೆ ಹಾರ್ಮೋನಿಯಮ್ಮಿಗೆ ಯಾರು ಕೂರುದು?"

ಹರಿಣಾಕ್ಷಿಯ ಕೈ ಸೆರಗಿನ ಪಿನ್ನಿನಲ್ಲೇ ನಿಂತಿತು. "ಅವರು ಬರ್ತೇನೆ ಅಂತ ಯಾರು ಹೇಳಿದ್ದು?"

"ಅವನೇ! ಬೆಳಿಗ್ಗೆ ಹೋಟೆಲಲ್ಲಿ, ನನ್ನ ಇಡ್ಲಿಗೆ ಸಾಂಬಾರು ಹಾಕ್ತಾ. ನಿಮಗೆ ಗೊತ್ತಿಲ್ವಾ?"

ಅವಳು ಸ್ಟೇಷನ್ನಿಗೆ ಹೋಗಲಿಲ್ಲ. ವಾಗ್ಳೆ ಎಸ್ಟೇಟಿಗೆ ರಿಕ್ಷಾ ಹಿಡಿದಳು. ದಾರಿಯುದ್ದಕ್ಕೂ ಯಾಕೋ ಸಿಟ್ಟು ಬರುತ್ತಿತ್ತು. ತನಗೆ ಹೇಳದ ಮಾತು ಇಡ್ಲಿ ತಿನ್ನುವವರಿಗೆ!

ಹೋಟೆಲಿನಲ್ಲಿ ಮಧ್ಯಾಹ್ನದ ಗಲಾಟೆ ಮುಗಿದು, ಸಂಜೆಯದ್ದು ಶುರುವಾಗಿರಲಿಲ್ಲ. ಗಲ್ಲಾದಲ್ಲಿ ಯಾರೂ ಇರಲಿಲ್ಲ. ದೋಸೆ ಕಲ್ಲಿನ ಎದುರು ನಿಂತಿದ್ದ ಸರ್ವೋತ್ತಮ ಕುಂದಾಪುರದವನು. ಅವನಿಗೂ ವಸಂತಕುಮಾರನಿಗೂ ಬಹಳ ವರ್ಷಗಳ ಜೊತೆ.

"ಬನ್ನಿ ಅಕ್ಕಾ. ಅಣ್ಣ ಎದುರಿನ ಫ್ಯಾಕ್ಟರಿಗೆ ಹೋಗಿದ್ರು, ನಾಳೆಯ ತಿಂಡಿ ಆರ್ಡರು ಕೇಳುಕೆ. ಈಗ ಬತ್ರು. ಚಾ ಕುಡೀತ್ರಾ?"

"ಚಾ ಆಮೇಲೆ. ಬೆಳಿಗ್ಗೆ ರಾಯರ ಹತ್ರ ಇವರು ಎಂತ ಹೇಳಿದ್ದು? ಒಂದೂ ಬಿಡದೆ ಹೇಳು."

ಸರ್ವೋತ್ತಮ ಸಟ್ಟುಗ ಕೆಳಗಿಟ್ಟ. ಹೇಳಲು ಅವನಿಗೂ ತುರಿಕೆಯೇ ಇತ್ತು. "ರಾಯರು ಕೇಂಡ್ರು, ಹೆಂಡ್ತಿ ಕಾರ್ಕಳಕ್ಕೆ ಹೋತ್ಳಂಬ್ರಲೆ, ನೀ ಎಂತ ಮಾಡ್ತೆ ಅಂದೇಳಿ. ಅಣ್ಣ ಹೇಳ್ರು, ನಾನೂ ಹೋತೆ. ಹೋಟೆಲು ಸರ್ವೋತ್ತಮ ನೋಡ್ಕಂತ ಅಂದೇಳಿ. ನಂಗೆ ಎದೆ ಧಸಕ್ ಅಂತ್ ಅಕ್ಕಾ. ನನ್ನ ಹತ್ರ ಒಂದು ಮಾತು ಕೇಳಿರ್ಲಿಲ್ಲ. ರಾಯರು, ಅಲ್ಲಿ ನೀ ಎಂತ ಮಾಡ್ತೆ ಕೇಂಡ್ರು. ಅಣ್ಣ, ಅಲ್ಲಿ ಯಾವಾಗ್ಳೂ ಮಳೆ, ಬಿಸಿ ಚಾ ಮಾಡುವವ ಎಲ್ಲಿಯೂ ಬದ್ಕ್ತ ಅಂದ್ರು. ರಾಯರು, ಹೌದೌದು, ಕಾರ್ಕಳದ ಮಳೆ ಅಂದ್ರೆ ಮಳೆ ಅಂದ್ರು."

ಅವನು ದನಿ ತಗ್ಗಿಸಿದ. "ಆದ್ರೆ ನಂಗೊಂದು ಡೌಟು. ಅಣ್ಣ ಸ್ವೆಟರು ತಕಣ್ಕ್ ಅಂದ್ರು. ದಪ್ಪದ್ದು, ಮೂರು. ಕಾರ್ಕಳದಗೆ ಎಂತ ಸ್ವೆಟರು ಅಕ್ಕಾ? ಅಲ್ಲಿ ಪುಷ್ಯದಗೂ ಫ್ಯಾನ್ ಬೇಕಲೆ?"

ಹರಿಣಾಕ್ಷಿ ಹತ್ತಿರದ ಬೆಂಚಿನ ಮೇಲೆ ಕೂತುಬಿಟ್ಟಳು. ಮೂರು ಸ್ವೆಟರು. ಹಾಗಾದರೆ ಅವನು ಮಾತಾಡಿದ್ದು ಕಾರ್ಕಳದ್ದಲ್ಲ.

ಅಷ್ಟರಲ್ಲಿ ವಸಂತಕುಮಾರ ಬಂದ. ಹೆಂಡತಿಯನ್ನು ಕಂಡು, "ಎಂತ, ಇಲ್ಲಿಗೆ? ಹುಷಾರಿಲ್ವಾ?" ಎನ್ನುತ್ತ ಅಭ್ಯಾಸದಂತೆ ಹೋಗಿ ಗಲ್ಲಾದ ಹಿಂದೆ ಕೂತ.

"ನನಗೆ ಹುಷಾರುಂಟು. ನಿಮಗೇ ಏನೋ ಆಗಿದೆ. ಊರಿಡೀ ಡಂಗುರ ಹೊಡೆದಿದ್ದೀರಂತೆ."

ಅವನು ಸರ್ವೋತ್ತಮನ ಕಡೆ ನೋಡಿದ. ಸರ್ವೋತ್ತಮ ಬಹಳ ಕೆಲಸವಿದ್ದವನಂತೆ ಕಲ್ಲು ಒರೆಸತೊಡಗಿದ.

"ರಾಯರು ಕೇಳಿದ್ರು, ಹೇಳಿದೆ. ಊರಿನ ಹೆಸರು ತಿದ್ಲಿಕ್ಕೆ ಹೋಗ್ಲಿಲ್ಲ. ಐರ್ಲೆಂಡ್ ಅಂದಿದ್ರೆ ಇಡ್ಲಿ ತಣ್ಣಗಾಗುವವರೆಗೆ ಪ್ರಶ್ನೆ ಕೇಳ್ತಿದ್ರು."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ? ದಿನಾ ಕೇಳ್ಲಿಲ್ವಾ ನಾನು?"

"ನೀನು ಕೇಳಿದ್ದು ಯಾವುದು ಒಳ್ಳೆದು ಅಂತ. ನನಗೆ ದುಬೈಯೂ ಗೊತ್ತಿಲ್ಲ, ಕಾರ್ಕೂ ಗೊತ್ತಿಲ್ಲ, ಎಂತ ಹೇಳುದು? ಬರ್ತೀರಾ ಅಂತ ಒಂದು ಸಲವಾದ್ರೂ ಕೇಳಿದ್ದೀಯಾ?"

ಹೌದು, ಅವಳು ಕೇಳಿರಲಿಲ್ಲ. ಇಲ್ಲ ಅಂದಾನು ಎಂಬ ಹೆದರಿಕೆ ಒಂದು. ಹೂಂ ಅಂದು, ಆಮೇಲೆ ಅಲ್ಲಿ ಕಿಟಕಿಯ ಹತ್ತಿರ ಸುಮ್ಮನೆ ಕೂತಾನು ಎಂಬ ಹೆದರಿಕೆ ಇನ್ನೊಂದು, ಅದಕ್ಕಿಂತ ದೊಡ್ಡದು.

"ನೀನು ಕರೆಯದೆ ನಾನಾಗಿ ಬರ್ತೇನೆ ಅಂತ ಹೇಗೆ ಹೇಳುದು?" ಅವನು ಗಲ್ಲಾದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಕಲಿತವಳು ನೀನು, ಕೆಲಸ ನಿನಗೆ ಸಿಕ್ಕಿದ್ದು. ಒಬ್ಬಳೇ ಹೋಗುವ ಮನಸ್ಸಿರಬಹುದು ಅಂದ್ಕೊಂಡೆ. ಇದ್ರೂ ತಪ್ಪಲ್ಲ."

"ಸಾವು ನಿಮ್ಮ ಬುದ್ಧಿಗೆ" ಎಂದಳು ಹರಿಣಾಕ್ಷಿ. ಕಣ್ಣು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡು ಕೇಳಿದಳು: "ಬರ್ತೀರಾ?"

"ಬರ್ತೇನೆ."

"ಅಲ್ಲಿ ನಿಮ್ಮನ್ನು ಸೇಟ್ ಅಂತ ಕರೆಯುವವರಿಲ್ಲ."

"ಇಲ್ಲಿಯೂ ಗ್ಯಾಸಿನವ ಒಬ್ಬನೇ ಕರೆಯುದು, ಅದೂ ದೀಪಾವಳಿಗೆ."

"ತಮಾಷೆ ಅಲ್ಲ. ಯಾರದೋ ಹೋಟೆಲಲ್ಲಿ, ಯಾರದೋ ಕೈಕೆಳಗೆ..."

"ಗೊತ್ತುಂಟು ಹರಿಣಾ. ಹೆದರಿಕೆಯೂ ಉಂಟು. ನನಗೆ ಬರುವ ಇಂಗ್ಲಿಷು ನಮ್ಮ ಮೆನು ಬೋರ್ಡಿನಷ್ಟು. ಒಂದು ವರ್ಷ ನೋಡುವ. ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅಂತ ನಿನ್ನ ಹತ್ರವೇ ಹೇಳ್ತೇನೆ, ರಾಯರ ಹತ್ರ ಅಲ್ಲ. ಸಾಕಾ?"

ಎರಡು ಊರುಗಳಲ್ಲಿ ಒಂದು ತನ್ನಷ್ಟಕ್ಕೆ ಹಿಂದೆ ಸರಿದುಹೋಗಿತ್ತು. ಉಳಿದದ್ದರ ಮಳೆ, ಚಳಿ, ಮುಚ್ಚಿದ ಅಂಗಡಿ ಯಾವುದೂ ಕಡಿಮೆಯಾಗಿರಲಿಲ್ಲ. ಅವಳು ಮೊಬೈಲು ತೆಗೆದು ಅನಘಳಿಗೆ "ಕಾರ್ಕ್" ಎಂದು ಬರೆದಳು. ತಪ್ಪು ತಿಳಿಯುವುದು ಬೇಡವೆಂದು ಮುಂದೆ "ಐರ್ಲೆಂಡ್" ಎಂದೂ ಸೇರಿಸಿ ಕಳಿಸಿದಳು.

"ಸರ್ವೋತ್ತಮಾ, ಈಗ ಕೊಡು ಚಾ" ಎಂದಳು. "ಇವರಿಗೂ ಒಂದು. ಇಲ್ಲಿಗೇ ತಾ, ಗಲ್ಲಾಕ್ಕೆ ಬೇಡ."

"ಅಣ್ಣ ಟೇಬಲಿಗೆ ಬತ್ರಾ?" ಸರ್ವೋತ್ತಮನಿಗೆ ಆಶ್ಚರ್ಯ.

"ಬರ್ತೇನೆ ಮಾರಾಯ, ನೀನೇ ಇಲ್ಲಿ ಬಂದು ಕೂತ್ಕೋ. ಇನ್ನು ಅಭ್ಯಾಸ ಆಗ್ಬೇಕಲ್ಲ."

ವಸಂತಕುಮಾರ ಗಲ್ಲಾದಿಂದ ಹೊರಗೆ ಬಂದು, ಹೆಂಡತಿಯ ಎದುರಿನ ಕುರ್ಚಿ ಎಳೆದು ಗಿರಾಕಿಯ ಹಾಗೆ ಕೂತ. ಕುರ್ಚಿ ಒಂದು ಕಡೆಗೆ ವಾಲಿತು. ಎದ್ದು ಮತ್ತೆ ಕೂತ, ಮತ್ತೆ ವಾಲಿತು. ಎಷ್ಟು ವರ್ಷದಿಂದ ಜನ ಇದರ ಮೇಲೆ ಕೂತು ತಿಂದು ಹೋಗಿದ್ದರೋ, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಅವನು ಕೆಳಗೆ ಬಗ್ಗಿ, ಪಾರ್ಸೆಲ್ ಕಟ್ಟುವ ಪೇಪರಿನ ಒಂದು ತುಂಡನ್ನು ನಾಲ್ಕಾಗಿ ಮಡಚಿ ಗಿಡ್ಡ ಕಾಲಿನ ಅಡಿಗೆ ಇಟ್ಟ. ಕೈಯಿಂದ ಅದುಮಿ ನೋಡಿ, ಇನ್ನೊಂದು ಮಡಿಕೆ ಹಾಕಿ ಸಿಕ್ಕಿಸಿದ.